ಟ್ಯಾರಗನ್ ನೆಡುವ ಮೊದಲು ಒಂದು ಎಲೆ ಅಗಿದು ನೋಡಿ



ಈ ವಾರದ ಬೆಳೆ ಫ್ರೆಂಚ್ ಟ್ಯಾರಗನ್. ಹೋಟೆಲುಗಳಿಗೆ ಬೇಸಿಲ್, ಥೈಮ್, ರೋಸ್‌ಮೆರಿ ಕೊಡುವ ಹುಡುಗರು ಆಗಾಗ ಫೋನ್ ಮಾಡಿ ಕೇಳ್ತಾರೆ: "ಅಕ್ಕಾ, ಶೆಫ್ ಟ್ಯಾರಗನ್ ಬೇಕು ಅಂತಿದಾರೆ. ಬೀಜ ಎಲ್ಲಿ ಸಿಗತ್ತೆ?" ಈ ಪ್ರಶ್ನೆಗೆ ನನ್ನದು ಒಂದೇ ಉತ್ತರ. ಫ್ರೆಂಚ್ ಟ್ಯಾರಗನ್ ಬೀಜದಿಂದ ಬರೋ ಗಿಡ ಅಲ್ಲ. ಬೀಜ ಅಂತ ಯಾರಾದರೂ ಮಾರಿದರೆ ಅದು ಬೇರೆ ಏನೋ.

ಇದು ಗೊತ್ತಿಲ್ಲದೆ ನಾನು ನಾಲ್ಕು ತಿಂಗಳು, ಅರ್ಧ ಗುಂಟೆ ಜಾಗ ಮತ್ತು ಒಬ್ಬ ಒಳ್ಳೆಯ ಗಿರಾಕಿಯನ್ನು ಕಳ್ಕೊಂಡಿದ್ದೆ. ಅದನ್ನೇ ಮೊದಲು ಹೇಳ್ತೀನಿ, ಆಮೇಲೆ ಬೆಳೆಯೋದು, ಕೊಯ್ಯೋದು, ಅಡುಗೆಗೆ ಹಾಕೋದು.

ನಾನು ಮೋಸ ಹೋದದ್ದು

ತೋಟಗಾರಿಕೆ ಪದವಿ ಮುಗಿಸಿ, ಎರಡು ವರ್ಷ ಕೆಲಸ ಮಾಡಿ, ದೊಡ್ಡಬಳ್ಳಾಪುರದ ಕಡೆ ಇರೋ ಅಪ್ಪನ ಜಮೀನಿಗೆ ವಾಪಸ್ ಬಂದೆ. ಸಾವಯವದಲ್ಲಿ ಸೊಪ್ಪು, ಬೇಸಿಲ್, ಪಾರ್ಸ್ಲಿ ಬೆಳೆದು ಬೆಂಗಳೂರಿನ ಕೆಲವು ಅಡುಗೆಮನೆಗಳಿಗೆ ಕೊಡ್ತಿದ್ದೆ. ಅದರಲ್ಲಿ ಒಬ್ಬ ಶೆಫ್ ವಾರಕ್ಕೊಮ್ಮೆ ಟ್ಯಾರಗನ್ ಬೇಕು ಅಂದರು. ಹೊರಗಿನಿಂದ ತರಿಸಿದ್ದು ದಾರಿಯಲ್ಲೇ ಬಾಡಿ ಬರತ್ತಂತೆ.

ಆನ್‌ಲೈನಿನಲ್ಲಿ ಹುಡುಕಿದೆ. ಪ್ಯಾಕೆಟ್ ಮೇಲೆ ದೊಡ್ಡದಾಗಿ 'ಫ್ರೆಂಚ್ ಟ್ಯಾರಗನ್ ಬೀಜ' ಅಂತಲೇ ಇತ್ತು, ಚಂದದ ಫೋಟೋನೂ ಇತ್ತು. ತರಿಸಿ ಪ್ರೋಟ್ರೇಗೆ ಹಾಕಿದೆ. ಮೊಳಕೆ ಚೆನ್ನಾಗಿ ಬಂತು, ಗಿಡ ಸೊಂಪಾಗಿ ಎದ್ದು ನಿಂತಿತು. ಅಷ್ಟು ಸಲೀಸಾಗಿ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅನುಮಾನ ಬಂದದ್ದು ಅಪ್ಪನಿಗೆ. ಒಂದು ಎಲೆ ಕಿತ್ತು ಕೈಯಲ್ಲಿ ಉಜ್ಜಿ ಮೂಸಿದರು. "ದವನದ ಜಾತಿ ಅಂದ್ಯಲ್ಲವ್ವಾ, ವಾಸ್ನೇನೇ ಇಲ್ವಲ್ಲ. ಹುಲ್ಲು ಮೂಸಿದಂಗೈತೆ." ಅಪ್ಪನಿಗೆ ಫ್ರಾನ್ಸಿನ ಸೊಪ್ಪು ಏನು ಗೊತ್ತು ಅಂದ್ಕೊಂಡೆ. ಎರಡು ಕೆಜಿ ಕೊಯ್ದು, ಕಟ್ಟು ಕಟ್ಟಿ ಒಯ್ದೆ. ಶೆಫ್ ಎರಡು ಎಲೆ ಬಾಯಿಗೆ ಹಾಕ್ಕೊಂಡರು, ನಾಲ್ಕು ಸಲ ಅಗಿದರು, ಟಿಶ್ಯೂಗೆ ಉಗಿದರು. "ಮೇಡಂ, ಇದು ನಾನು ಕೇಳಿದ್ದಲ್ಲ. ಇದು ರಷ್ಯನ್. ನಂಗೆ ಉಪಯೋಗಕ್ಕೆ ಬರಲ್ಲ." ಬೈಯಲಿಲ್ಲ. ಆದರೆ ಮುಂದಿನ ವಾರದ ಬೇಸಿಲ್ ಆರ್ಡರೂ ಬರಲಿಲ್ಲ. ಒಂದು ಸೊಪ್ಪಿನ ಹೆಸರು ಸರಿಯಾಗಿ ಗೊತ್ತಿಲ್ಲದವಳು ಉಳಿದದ್ದನ್ನು ಹೇಗೆ ಕೊಡ್ತಾಳೋ ಅಂತ ಅವರಿಗೆ ಅನ್ನಿಸಿರಬೇಕು. ಅದು ತಪ್ಪಲ್ಲ.

ಪದವಿ ಓದಿದವಳು ನಾನು, ಪ್ಯಾಕೆಟ್ ನಂಬಿದೆ. ಓದದ ಅಪ್ಪ ಮೂಗು ನಂಬಿದರು. ಅಪ್ಪನೇ ಸರಿ.

ಇದು ಯಾವ ಗಿಡ?

ಟ್ಯಾರಗನ್‌ನ ಸಸ್ಯಶಾಸ್ತ್ರೀಯ ಹೆಸರು ಆರ್ಟಿಮಿಸಿಯಾ ಡ್ರಾಕುಂಕ್ಯುಲಸ್. ಎರಡನೇ ಪದಕ್ಕೆ ಲ್ಯಾಟಿನ್‌ನಲ್ಲಿ ಪುಟ್ಟ ಡ್ರ್ಯಾಗನ್ ಅಂತ ಅರ್ಥ. ಬೇರು ಹಾವಿನ ಹಾಗೆ ಸುತ್ತಿಕೊಂಡು ಬೆಳೆಯೋದರಿಂದ ಆ ಹೆಸರು ಅಂತ ಹೇಳ್ತಾರೆ. ನಮ್ಮ ದವನ ಆರ್ಟಿಮಿಸಿಯಾ ಪ್ಯಾಲೆನ್ಸ್. ಅಂದರೆ ಎರಡೂ ದಾಯಾದಿಗಳು. ಆದರೆ ದವನದ ಲೆಕ್ಕ ಇಲ್ಲಿ ನಡೆಯಲ್ಲ. ದವನ ಒಂದೇ ಹಂಗಾಮಿನ ಗಿಡ. ಸಣ್ಣ ಬೀಜ ಚೆಲ್ಲಿ ಬೆಳೆಸ್ತೀವಿ, ಹೂ ಬಂದಾಗ ಕೊಯ್ತೀವಿ. ಟ್ಯಾರಗನ್ ಬಹುವಾರ್ಷಿಕ. ಫ್ರೆಂಚ್ ತಳಿ ಹೂ ಬಿಡೋದೇ ಅಪರೂಪ, ಬಿಟ್ಟರೂ ಬೀಜ ಕಟ್ಟಲ್ಲ.

ಯಾರಾದರೂ ಏಲಕ್ಕಿ ಬಾಳೆಯ ಬೀಜ ಮಾರಿದರೆ ನಾವು ನಗ್ತೀವಿ ಅಲ್ವಾ? ಬಾಳೆಗೆ ಕಂದು, ವೀಳ್ಯದೆಲೆಗೆ ಬಳ್ಳಿ ತುಂಡು, ಮಲ್ಲಿಗೆಗೆ ಕಡ್ಡಿ. ಇವೆಲ್ಲ ನಮಗೆ ಗೊತ್ತಿರೋದರಿಂದ ಮೋಸ ಹೋಗಲ್ಲ. ಫ್ರೆಂಚ್ ಟ್ಯಾರಗನ್ ಕೂಡ ಹಾಗೆಯೇ. ಅದನ್ನು ತಲೆಮಾರಿನಿಂದ ತಲೆಮಾರಿಗೆ ಕಡ್ಡಿ ಮತ್ತು ಬುಡ ಸೀಳಿಯೇ ದಾಟಿಸ್ಕೊಂಡು ಬಂದಿದ್ದಾರೆ.

ಒಂದು ಹೆಸರು, ಮೂರು ಗಿಡ

ಮಾರುಕಟ್ಟೆಯಲ್ಲಿ ಟ್ಯಾರಗನ್ ಅನ್ನೋ ಹೆಸರಿನಲ್ಲಿ ಮೂರು ಗಿಡ ಓಡಾಡ್ತವೆ.

1. ಫ್ರೆಂಚ್ ಟ್ಯಾರಗನ್. ಎಲೆ ತೆಳು, ಉದ್ದ, ನುಣುಪು, ಕಡು ಹಸಿರು, ಸ್ವಲ್ಪ ಹೊಳಪು. ಗಿಡ ಎರಡರಿಂದ ಮೂರು ಅಡಿ. ಉಜ್ಜಿದರೆ ಸೋಂಪಿನ ಸಿಹಿ ಪರಿಮಳ. ಬೀಜ ಇಲ್ಲ. ಶೆಫ್ ಕೇಳೋದು ಇದನ್ನೇ.

2. ರಷ್ಯನ್ ಟ್ಯಾರಗನ್. ಎಲೆ ಕೊಂಚ ಒರಟು, ಬಣ್ಣ ಪೇಲವ. ಗಿಡ ಇನ್ನೂ ಎತ್ತರ, ಜೋರು. ಹೂ ಬಿಡತ್ತೆ, ಬೀಜ ಕಟ್ಟತ್ತೆ. ಪರಿಮಳ ತೀರಾ ಕಡಿಮೆ, ಹುಲ್ಲಿನ ರುಚಿ, ಕೊನೆಗೆ ಕಹಿ.

3. ಮೆಕ್ಸಿಕನ್ ಟ್ಯಾರಗನ್. ಇದು ಟ್ಯಾರಗನ್ನೇ ಅಲ್ಲ. ಟ್ಯಾಜಿಟಿಸ್ ಲ್ಯೂಸಿಡಾ, ಅಂದರೆ ನಮ್ಮ ಚೆಂಡು ಹೂವಿನ ನೆಂಟ. ಮೆಕ್ಸಿಕೋ, ಗ್ವಾಟೆಮಾಲಾ ಕಡೆಯದು. ಎಲೆಯ ಅಂಚಿನಲ್ಲಿ ಸಣ್ಣ ಗರಗಸದ ಹಲ್ಲು, ಪುಟ್ಟ ಹಳದಿ ಹೂ. ಸೋಂಪಿನ ವಾಸನೆ ಇದರಲ್ಲೂ ಗಟ್ಟಿಯಾಗಿದೆ. ಬೀಜದಿಂದಲೂ ಬರತ್ತೆ, ಕಡ್ಡಿಯಿಂದಲೂ ಬರತ್ತೆ, ಸೆಕೆ ತಡೆಯತ್ತೆ.

ಇಲ್ಲಿ ಫೋನಿನ ಬಗ್ಗೆ ಒಂದು ಮಾತು. ಗಿಡ ಗುರುತಿಸೋ ಆ್ಯಪ್‌ನಲ್ಲಿ ಮೊದಲ ಎರಡರ ಫೋಟೋ ಹಾಕಿದರೆ ಎರಡಕ್ಕೂ ಒಂದೇ ಹೆಸರು ಬರಬಹುದು. ಆ್ಯಪ್ ತಪ್ಪು ಹೇಳ್ತಿಲ್ಲ, ಎರಡೂ ಒಂದೇ ಪ್ರಭೇದ. ವ್ಯತ್ಯಾಸ ಇರೋದು ಪರಿಮಳದಲ್ಲಿ. ಪರಿಮಳ ಹಿಡಿಯೋ ಕ್ಯಾಮೆರಾ ಯಾವ ಫೋನಿನಲ್ಲೂ ಇಲ್ಲ.

ಎಲೆ ಪರೀಕ್ಷೆ: ಒಂದು ನಿಮಿಷದ ಕೆಲಸ

ನರ್ಸರಿಗೆ ಹೋದಾಗ ಹೀಗೆ ಮಾಡಿ:

- ಎಲೆಗೆ ಔಷಧಿ ಹೊಡೆದಿದ್ದಾರಾ ಅಂತ ಮೊದಲು ಕೇಳಿ. ಹೊಡೆದಿದ್ದರೆ ಬಾಯಿಗೆ ಹಾಕ್ಬೇಡಿ, ಮೂಸಿ ನೋಡಿ ಅಷ್ಟೇ.
- ಎಳೆ ತುದಿಯಿಂದ ಎರಡು ಎಲೆ ಕಿತ್ತು ಬೆರಳಲ್ಲಿ ಉಜ್ಜಿ. ಸೋಂಪು ನೆನಪಾಗಬೇಕು.
- ಎಲೆಯನ್ನು ಮುಂದಿನ ಹಲ್ಲಿನಲ್ಲಿ ಅಗಿದು, ನಾಲಿಗೆ ಮೇಲೆ ಅರ್ಧ ನಿಮಿಷ ಇಟ್ಕೊಳ್ಳಿ. ಫ್ರೆಂಚ್ ಆದರೆ ಮೊದಲು ಸಿಹಿ, ಆಮೇಲೆ ಸಣ್ಣ ಖಾರ, ನಾಲಿಗೆ ತುದಿ ಸ್ವಲ್ಪ ಜುಮ್ ಅಂತ ಮರಗಟ್ಟತ್ತೆ. ರಷ್ಯನ್ ಆದರೆ ಹುಲ್ಲು ಅಗಿದ ಹಾಗೆ.
- ಸಪ್ಪೆ ಅನ್ನಿಸಿದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತಗೋಬೇಡಿ.

ಈ ಪರಿಮಳಕ್ಕೆ ಮುಖ್ಯ ಕಾರಣ ಎಸ್ಟ್ರಗೋಲ್ ಅನ್ನೋ ಅಂಶ. ಟ್ಯಾರಗನ್‌ಗೆ ಫ್ರೆಂಚರು ಎಸ್ಟ್ರಗಾನ್ ಅಂತಾರೆ, ಅದರಿಂದಲೇ ಆ ಹೆಸರು ಬಂತು. ಕೆಲವು ಬಗೆಯ ಬೇಸಿಲ್‌ನಲ್ಲೂ ಇದೇ ಅಂಶ ಇದೆ. ಅಡುಗೆಗೆ ಸೊಪ್ಪು ಹಾಕೋದು ಬೇರೆ, ಟ್ಯಾರಗನ್ ಎಣ್ಣೆಯನ್ನು ಔಷಧಿ ಅಂತ ಕುಡಿಯೋದು ಬೇರೆ. ಎರಡನೆಯದನ್ನು ಮಾಡ್ಬೇಡಿ, ಯಾರಿಗೂ ಹೇಳಲೂ ಬೇಡಿ.

ನಮ್ಮ ಹವೆಗೆ ಬರತ್ತಾ?

ಇದು ಚಳಿ ದೇಶದ ಗಿಡ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಮೇಲಿನ ಭಾಗ ಪೂರ್ತಿ ಒಣಗಿ, ಬುಡ ಮಣ್ಣಿನಲ್ಲಿ ಮಲಗತ್ತೆ, ವಸಂತದಲ್ಲಿ ಮತ್ತೆ ಚಿಗುರತ್ತೆ. ಆ ನಿದ್ದೆ ಸಿಕ್ಕರೆ ಗಿಡ ವರ್ಷಗಟ್ಟಲೆ ಗಟ್ಟಿಯಾಗಿರತ್ತೆ. ನಮ್ಮ ಬಯಲುಸೀಮೆಯ ಚಳಿ ಆ ನಿದ್ದೆಗೆ ಸಾಲಲ್ಲ. ಹಾಗಾಗಿ ಇಲ್ಲಿ ಒಂದು ಗಿಡ ಮೊದಲ ವರ್ಷ ಚೆನ್ನಾಗಿ ಬಂದು ಎರಡನೇ ವರ್ಷ ಸೊರಗತ್ತೆ. ನನ್ನ ತೋಟದಲ್ಲೂ ಹಾಗೇ ಆಯ್ತು. ಇದಕ್ಕೆ ಪರಿಹಾರ: ಪ್ರತಿ ವರ್ಷ ಕಡ್ಡಿಯಿಂದ ಹೊಸ ಗಿಡ ಮಾಡಿಕೊಳ್ಳೋದು. ಹಳೆಯದನ್ನು ನಂಬಿ ಕೂರಬಾರದು.

ಯಾವ ಕಡೆಯವರಿಗೆ ಏನು ಸರಿ?

- ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ: ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ನೆರಳು ಬೇಕು, ಮಳೆಗಾಲದಲ್ಲಿ ಸೂರು ಬೇಕು.
- ಕೊಡಗು, ಚಿಕ್ಕಮಗಳೂರಿನ ಎತ್ತರದ ಜಾಗ: ಹವೆ ತಂಪು, ಆದರೆ ಮಳೆಯೇ ಶತ್ರು. ಸೂರಿಲ್ಲದೆ ಕೈಹಾಕ್ಬೇಡಿ.
- ಕರಾವಳಿ: ಸೆಕೆ ಮತ್ತು ತೇವ ಎರಡೂ ಹೆಚ್ಚು. ಮೆಕ್ಸಿಕನ್ ಬೆಳೆಯಿರಿ.
- ಕಲಬುರಗಿ, ರಾಯಚೂರು ಕಡೆ: ಬೇಸಿಗೆಯ ಬಿಸಿಲು ಫ್ರೆಂಚ್‌ಗೆ ಆಗಲ್ಲ. ಇಲ್ಲೂ ಮೆಕ್ಸಿಕನ್ನೇ ಸರಿ.

ಮಣ್ಣು ಮತ್ತು ಮಡಿ

ಟ್ಯಾರಗನ್ ಬಡ ಮಣ್ಣು ತಡೆಯತ್ತೆ, ನಿಂತ ನೀರು ತಡೆಯಲ್ಲ. ಮೊದಲು ನೀರು ಬಸಿಯೋ ಪರೀಕ್ಷೆ ಮಾಡಿ. ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲದ ನೀರು ನಾಲ್ಕು ಗಂಟೆ ಆದರೂ ನಿಂತಿದ್ದರೆ ಆ ಜಾಗ ಬೇಡ.

ನಾನು ಮಾಡೋದು ಹೀಗೆ. ಮೂರು ಅಡಿ ಅಗಲ, ಒಂದಡಿ ಎತ್ತರದ ಏರುಮಡಿ. ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು. ಮಣ್ಣಿನ ಪಿಹೆಚ್ 6.5ರಿಂದ 7.5 ಇದ್ದರೆ ಸಾಕು. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ. ಹತ್ತಿರ ನೆಟ್ಟರೆ ಗಾಳಿ ಆಡಲ್ಲ, ಬೂದಿ ರೋಗ ಬರತ್ತೆ.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೇಕು. ಮಾರ್ಚಿನಿಂದ ಮೇ ತನಕ ಮಾತ್ರ ಮಧ್ಯಾಹ್ನದ ಬಿಸಿಲಿಗೆ ಶೇಡ್ ನೆಟ್ ಕಟ್ಟಿ, ಶೇಕಡ 50ರದ್ದು ಸಾಕು. ಜೂನ್ ಬರೋ ಮೊದಲು ಮಡಿಯ ಮೇಲೆ ಪಾಲಿಥೀನ್ ಹಾಳೆಯ ಸೂರು ಮಾಡಿ, ಪಕ್ಕಗಳನ್ನು ತೆರೆದಿಡಿ. ಮಳೆ ಬೀಳಬಾರದು, ಗಾಳಿ ಓಡಾಡಬೇಕು.

ಜಾಗ ಇಲ್ಲದವರಿಗೆ 10 ಇಂಚಿನ ಕುಂಡವೂ ಸಾಕು. ಮಳೆ ಬಂದಾಗ ಎತ್ತಿ ಜಗಲಿಗೆ ಇಡಬಹುದು. ನನ್ನ ತಾಯಿ ಗಿಡಗಳೆಲ್ಲ ಇವತ್ತಿಗೂ ಕುಂಡದಲ್ಲೇ ಇವೆ.

ಕಡ್ಡಿಯಿಂದ ಸಸಿ

ಸರಿಯಾದ ಗಿಡ ಎರಡು ಸಿಕ್ಕರೆ ಸಾಕು. ಒಂದೇ ವರ್ಷದಲ್ಲಿ ನಿಮ್ಮ ಮಡಿ ತುಂಬಿಸ್ಕೋಬಹುದು.

1. ಬೆಳಗ್ಗೆ ಹೊತ್ತು, ಎಳೆಯ ಆದರೆ ತೀರಾ ಮೆತ್ತಗಿಲ್ಲದ ಚಿಗುರು ಆರಿಸಿ. 4ರಿಂದ 5 ಇಂಚು ಉದ್ದಕ್ಕೆ, ಗಿಣ್ಣಿನ ಸ್ವಲ್ಪ ಕೆಳಗೆ ಶುದ್ಧ ಬ್ಲೇಡಿನಿಂದ ಕತ್ತರಿಸಿ.
2. ಕೆಳಗಿನ ಅರ್ಧದ ಎಲೆ ತೆಗೆಯಿರಿ. ಎರಡು ಗಿಣ್ಣು ಒಳಗೆ ಹೋಗಬೇಕು.
3. ಕೋಕೋಪೀಟ್ ಮತ್ತು ಮರಳು ಸಮ ಪ್ರಮಾಣದಲ್ಲಿ ಬೆರೆಸಿ, ಪ್ರೋಟ್ರೇಗೆ ತುಂಬಿ, ಕಡ್ಡಿ ನೆಡಿ. ಗೊಬ್ಬರ ಹಾಕ್ಬೇಡಿ, ಕೊಳೆಯತ್ತೆ.
4. ನೆರಳಿನಲ್ಲಿಡಿ. ದಿನಕ್ಕೆ ಎರಡು ಮೂರು ಸಲ ಸ್ಪ್ರೇಯರಿನಿಂದ ಎಲೆ ಮೇಲೆ ತೆಳುವಾಗಿ ನೀರು ಸಿಂಪಡಿಸಿ. ಟ್ರೇ ಮುದ್ದೆಯಾಗಬಾರದು.
5. ಮೂರರಿಂದ ನಾಲ್ಕು ವಾರಕ್ಕೆ ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿದ್ದರೆ ಬೇರು ಬಂದಿದೆ. ಸಣ್ಣ ಕುಂಡಕ್ಕೆ ಬದಲಾಯಿಸಿ, ಇನ್ನೊಂದು ತಿಂಗಳು ಬಿಟ್ಟು ಮಡಿಗೆ ಇಳಿಸಿ.

ನಾನು ಆಗಸ್ಟ್ ಕೊನೆಯಲ್ಲಿ ಸೂರಿನ ಕೆಳಗೆ ಕಡ್ಡಿ ಹಾಕ್ತೀನಿ, ಅಕ್ಟೋಬರ್ ಕೊನೆಗೆ ಮಡಿಗೆ ಇಳಿಸ್ತೀನಿ. ಮೊದಲ ಸಲ 20 ಕಡ್ಡಿ ಹಾಕಿದಾಗ 8 ಉಳಿದವು, ಕಾರಣ ನಾನೇ ಹೆಚ್ಚು ನೀರು ಕೊಟ್ಟಿದ್ದೆ. ಈಗ 20ಕ್ಕೆ 14-15 ಬರ್ತವೆ. ನಷ್ಟ ಲೆಕ್ಕಕ್ಕಿಟ್ಟುಕೊಂಡೇ ಹಾಕಿ.

ಗಿಡ ಎರಡು ವರ್ಷ ದಾಟಿ ಉಳಿದರೆ ಬುಡ ಅಗೆದು ಸೀಳಬಹುದು. ಪ್ರತಿ ಸೀಳಿನಲ್ಲೂ ಬೇರು ಮತ್ತು ಒಂದೆರಡು ಚಿಗುರು ಇರಲಿ. ಬೇರು ಒಂದಕ್ಕೊಂದು ಹೆಣೆದುಕೊಂಡಿರತ್ತೆ, ಜಗ್ಗಿ ಹರಿಯಬೇಡಿ. ಮಣ್ಣು ಕೊಡವಿ, ನಿಧಾನವಾಗಿ ಬಿಡಿಸಿ, ಬಿಡದಿದ್ದರೆ ಚಾಕುವಿನಿಂದ ಕೊಯ್ಯಿರಿ.

ಪ್ರತಿ ಕುಂಡಕ್ಕೂ ಹೆಸರು, ತಂದ ತಾರೀಕು ಬರೆದ ಚೀಟಿ ಸಿಗಿಸಿ. ಫೋನಿನಲ್ಲಿ ಫೋಟೋ ತೆಗೆದು ಇಟ್ಕೊಳ್ಳಿ. ರಷ್ಯನ್ ಒಂದು ಗಿಡ ಮಧ್ಯೆ ಸೇರಿಕೊಂಡರೆ ಕಡ್ಡಿಯಿಂದ ಕಡ್ಡಿಗೆ ತಪ್ಪು ಹರಡ್ತಾ ಹೋಗತ್ತೆ.

ನೀರು, ಗೊಬ್ಬರ, ರೋಗ

ನೀರು: ಬೆರಳು ಒಂದೂವರೆ ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ಕೊಡಿ, ಇಲ್ಲದಿದ್ದರೆ ಬೇಡ. ಡ್ರಿಪ್ ಒಳ್ಳೆಯದು. ಬೆಳೆದ ಗಿಡದ ಎಲೆ ಮೇಲೆ ನೀರು ಬೀಳೋ ಸ್ಪ್ರಿಂಕ್ಲರ್ ಬೇಡ.

ಗೊಬ್ಬರ: ನಾಟಿ ಮಾಡುವಾಗ ಗಿಡಕ್ಕೆ ಒಂದು ಹಿಡಿ ಎರೆಗೊಬ್ಬರ, ಎರಡು ಕೊಯ್ಲಿಗೊಮ್ಮೆ ಅರ್ಧ ಹಿಡಿ. ಇದಕ್ಕಿಂತ ಹೆಚ್ಚು ಬೇಡ. ಸಾರಜನಕ ಹೆಚ್ಚಾದರೆ ಎಲೆ ದೊಡ್ಡದಾಗತ್ತೆ, ಪರಿಮಳ ಇಳಿಯತ್ತೆ. ಪರಿಮಳಕ್ಕೇ ದುಡ್ಡು ಕೊಡೋ ಬೆಳೆ ಇದು.

ರೋಗ: ಎಲ್ಲಕ್ಕಿಂತ ದೊಡ್ಡದು ಬೇರು ಕೊಳೆ. ಮಣ್ಣು ಹಸಿ ಇದ್ದರೂ ಗಿಡ ಬಾಡಿದ ಹಾಗೆ ಕಂಡರೆ ಅದೇ. ಆಗ ಇನ್ನಷ್ಟು ನೀರು ಕೊಟ್ಟು ಸಾಯಿಸ್ಬೇಡಿ. ಆ ಗಿಡ ಕಿತ್ತು ಹೊರಗೆ ಹಾಕಿ. ತಡೆಯೋಕೆ, ನಾಟಿಗೆ ಮೊದಲು ಗೊಬ್ಬರದ ಜೊತೆ ಟ್ರೈಕೋಡರ್ಮಾ ಬೆರೆಸಿ ಹತ್ತು ದಿನ ನೆರಳಿನಲ್ಲಿ ಇಟ್ಟು ಮಡಿಗೆ ಹಾಕಿ. ಎಲೆ ಮೇಲೆ ಬಿಳಿ ಪುಡಿ ಕಂಡರೆ ಬೂದಿ ರೋಗ. ಆ ಕೊಂಬೆ ಕತ್ತರಿಸಿ, ಗಿಡಗಳ ಮಧ್ಯೆ ಗಾಳಿ ಬಿಡಿ. ಎಲೆಯ ಕೆಳಗೆ ಕಂದು ಚುಕ್ಕೆ ಇದ್ದರೆ ತುಕ್ಕು ರೋಗ. ಅಂಥ ಗಿಡದಿಂದ ಕಡ್ಡಿ ತೆಗೀಬೇಡಿ. ಹೇನು ಬಂದರೆ ಮೊದಲು ನೀರಿನ ರಭಸಕ್ಕೆ ಉದುರಿಸಿ, ಹೋಗದಿದ್ದರೆ ಮಾತ್ರ ಬೇವಿನ ಎಣ್ಣೆ. ಜನ ಹಸಿಯಾಗೇ ತಿನ್ನೋ ಎಲೆ ಇದು, ಬೇವಿನ ಕಹಿ ವಾಸನೆ ಹೋಗೋ ತನಕ ಕೊಯ್ಯೋ ಹಾಗಿಲ್ಲ.

ಕೊಯ್ಲು ಮತ್ತು ಸಾಗಣೆ

ಮಡಿಗೆ ಇಳಿಸಿ ಎರಡು ತಿಂಗಳಿಗೆ ಮೊದಲ ಕೊಯ್ಲು. ಇಬ್ಬನಿ ಆರಿದ ಮೇಲೆ, ಬಿಸಿಲು ಏರೋ ಮೊದಲು ಕೊಯ್ಯಿರಿ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ತುದಿ ಕೊಯ್ದರೆ ಪಕ್ಕದ ಚಿಗುರು ಒಡೆಯತ್ತೆ, ಮೂರು ವಾರಕ್ಕೆ ಮತ್ತೆ ಸಿದ್ಧ. ನನ್ನ 12 ಗಿಡದಿಂದ ಚಳಿಗಾಲದಲ್ಲಿ ಒಂದು ಕೊಯ್ಲಿಗೆ ಸುಮಾರು 300 ಗ್ರಾಂ ಬರತ್ತೆ. ಕೊತ್ತಂಬರಿಯ ಹಾಗೆ ಮೂಟೆಗಟ್ಟಲೆ ಬೆಳೆ ಇದಲ್ಲ.

ಎಲೆ ತುಂಬ ಮೆದು, ಒತ್ತಿದರೆ ಕಪ್ಪಾಗತ್ತೆ. ತೊಳೆಯದೆ, ಸ್ವಲ್ಪ ಒದ್ದೆ ಮಾಡಿದ ಪೇಪರಿನಲ್ಲಿ ಸುತ್ತಿ, ತೂತಿರೋ ಕವರಿಗೆ ಹಾಕಿ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟರೆ ಅದು ಎಲೆಗೆ ತಾಗದಿರಲಿ. ಫ್ರಿಜ್‌ನಲ್ಲಿ ಒಂದು ವಾರ ಇರತ್ತೆ. ಒಣಗಿಸಿದರೆ ಪರಿಮಳದ ಬಹುಪಾಲು ಹೋಗತ್ತೆ, ಅದಕ್ಕೇ ತಾಜಾ ಸೊಪ್ಪಿಗೆ ಬೇಡಿಕೆ.

ಅಡುಗೆಮನೆಯಲ್ಲಿ

ಬೆಳೆಯೋರು ಅಡುಗೆ ಯಾಕೆ ಕಲೀಬೇಕು ಅಂತ ಕೇಳಬಹುದು. ಗಿರಾಕಿಗೆ ಏನು ಬೇಕು ಅನ್ನೋದು ನಿಮ್ಮ ನಾಲಿಗೆಗೆ ಗೊತ್ತಿರಬೇಕು, ಅದಕ್ಕೆ. ಉಳಿದ ಸೊಪ್ಪು ತಿಪ್ಪೆಗೆ ಹೋಗಬಾರದು, ಅದಕ್ಕೂ.

ಫ್ರೆಂಚರು ಟ್ಯಾರಗನ್, ಪಾರ್ಸ್ಲಿ, ಚೈವ್ಸ್, ಚರ್ವಿಲ್ ನಾಲ್ಕನ್ನೂ ಸಣ್ಣಗೆ ಹೆಚ್ಚಿ ಬೆರೆಸಿ ಆಮ್ಲೆಟ್‌ಗೆ ಹಾಕ್ತಾರೆ. ಬೆಣ್ಣೆ, ಮೊಟ್ಟೆಯ ಹಳದಿ, ವಿನಿಗರ್ ಸೇರಿಸಿ ಮಾಡೋ ಬೆಯರ್ನೈಸ್ ಸಾಸಿಗೆ ಟ್ಯಾರಗನ್ ಇಲ್ಲದೆ ಆಗೋದೇ ಇಲ್ಲ. ಜಾರ್ಜಿಯಾ ದೇಶದಲ್ಲಿ ಇದರಿಂದ ತರ್ಹುನ್ ಅನ್ನೋ ಹಸಿರು ಸೋಡಾನೇ ಮಾಡ್ತಾರೆ. ಅಲ್ಲಿ ಕುರಿಮರಿ ಮಾಂಸವನ್ನು ಹುಳಿ ಕಾಯಿ ಮತ್ತು ಟ್ಯಾರಗನ್ ಹಾಕಿ ಬೇಯಿಸೋದೂ ಇದೆ.

ನೆನಪಿಡಬೇಕಾದ್ದು ಮೂರು. ಎಲೆಯನ್ನು ಕೊನೆಗೆ ಹಾಕಿ, ಹೆಚ್ಚು ಕುದಿಸಿದರೆ ಪರಿಮಳ ಹೋಗತ್ತೆ. ಕಡಿಮೆ ಹಾಕಿ, ನಾಲ್ಕು ಜನರ ಅಡುಗೆಗೆ ಒಂದು ಚಮಚ ಹೆಚ್ಚಿದ ಎಲೆ ಸಾಕು. ಬೆಣ್ಣೆ, ಕೆನೆ, ಮೊಟ್ಟೆ, ಕೋಳಿ, ಮೀನು, ಅಣಬೆ, ಹುಳಿ ಇದಕ್ಕೆ ಹೊಂದತ್ತೆ. ಗರಂ ಮಸಾಲೆ, ಪುದೀನ, ಕೊತ್ತಂಬರಿ ಜೊತೆ ಹೊಂದಲ್ಲ.

ಟ್ಯಾರಗನ್ ಕೋಳಿ. ಅರ್ಧ ಕೆಜಿ ಕೋಳಿಗೆ ಉಪ್ಪು, ಕಾಳುಮೆಣಸು ಹಚ್ಚಿ. ಬೆಣ್ಣೆ ಮತ್ತು ಒಂದು ಚಮಚ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಎಂಟು ಹತ್ತು ಸಾಂಬಾರ್ ಈರುಳ್ಳಿ ಹೆಚ್ಚಿ ಬಾಡಿಸಿ. ಕೋಳಿ ವಾಪಸ್ ಹಾಕಿ, ಒಂದು ಲೋಟ ನೀರು, ಎಲೆ ಬಿಡಿಸಿದ ಟ್ಯಾರಗನ್ ಕಡ್ಡಿಗಳನ್ನು ಹಾಕಿ, ಮುಚ್ಚಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ. ಕೋಳಿ ಒಳಗೂ ಪೂರ್ತಿ ಬೆಂದ ಮೇಲೆ ಕಡ್ಡಿ ತೆಗೆದು 100 ಎಂಎಲ್ ಫ್ರೆಶ್ ಕ್ರೀಂ ಸೇರಿಸಿ. ಬಿಸಿಯಾದ ಮೇಲೆ ಒಂದು ಚಮಚ ಹೆಚ್ಚಿದ ಎಲೆ ಹಾಕಿ ಒಲೆ ಆರಿಸಿ. ಕೋಳಿ ತಿನ್ನದವರು ಅಣಬೆಗೆ ಇದನ್ನೇ ಮಾಡಬಹುದು, ಹತ್ತು ನಿಮಿಷ ಬೆಂದರೆ ಸಾಕು.

ಟ್ಯಾರಗನ್ ವಿನಿಗರ್. ಸೊಪ್ಪು ತೊಳೆದು, ಬಟ್ಟೆ ಮೇಲೆ ಹರಡಿ ಒಂದು ಹನಿ ನೀರೂ ಇಲ್ಲದ ಹಾಗೆ ಆರಿಸಿ. ಶುದ್ಧವಾದ ಗಾಜಿನ ಬಾಟಲಿಗೆ ಮೂರು ನಾಲ್ಕು ಕಡ್ಡಿ ಹಾಕಿ, 200 ಎಂಎಲ್ ಬಿಳಿ ವಿನಿಗರ್ ತುಂಬಿ. ಶೇಕಡ 5 ಆಮ್ಲ ಇರೋ ವಿನಿಗರ್ ಬೇಕು, ಬಾಟಲಿ ಮೇಲೆ ಬರೆದಿರತ್ತೆ. ಎಲೆ ಪೂರ್ತಿ ಮುಳುಗಿರಲಿ. ಕತ್ತಲಲ್ಲಿ ಎರಡು ವಾರ ಇಟ್ಟು ಸೋಸಿ. ಸೌತೆಕಾಯಿ, ಟೊಮೆಟೊ, ಬೇಯಿಸಿದ ಆಲೂಗಡ್ಡೆ ಸಲಾಡಿಗೆ ಚೆನ್ನಾಗಿರತ್ತೆ. ಸೊಪ್ಪು ಹೆಚ್ಚಾದ ವಾರ ಉಳಿಸಿಕೊಳ್ಳೋಕೆ ಇದೇ ದಾರಿ.

ಟ್ಯಾರಗನ್ ಬೆಣ್ಣೆ. 100 ಗ್ರಾಂ ಮೆತ್ತಗಿರೋ ಬೆಣ್ಣೆಗೆ ಒಂದೂವರೆ ಚಮಚ ಹೆಚ್ಚಿದ ಎಲೆ, ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ. ಕಲಸಿ ಉರುಟಿ ಫ್ರೀಜರಿನಲ್ಲಿಡಿ. ಬೇಕಾದಾಗ ಒಂದು ತುಂಡು ಕೊಯ್ದು ಬೇಯಿಸಿದ ಬೀನ್ಸ್, ಕ್ಯಾರೆಟ್ ಮೇಲೆ ಹಾಕಿ.

ಅಮ್ಮ ಒಂದು ಸಲ ಸಾರಿಗೆ ಹಾಕಿದರು. ಆ ದಿನ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಆದರೆ ಸೌತೆಕಾಯಿ ಮೊಸರು ಬಜ್ಜಿಗೆ ಕೊತ್ತಂಬರಿ ಬದಲು ನಾಲ್ಕೈದು ಎಲೆ ಹೆಚ್ಚಿ ಹಾಕಿದ್ದು ಎಲ್ಲರಿಗೂ ಹಿಡಿಸಿತು. ಈಗ ನಮ್ಮನೆಯಲ್ಲಿ ಅದು ಖಾಯಂ.

ಬೆಳೆಯೋ ಮೊದಲು ಲೆಕ್ಕ ಹಾಕಿ

ಇದು ಎಕರೆಗಟ್ಟಲೆ ಹಾಕೋ ಬೆಳೆ ಅಲ್ಲ. ಕೊಳ್ಳೋರು ಕೆಲವೇ ಜನ, ಮಂಡಿಯಲ್ಲಿ ಕೇಳೋರೇ ಇಲ್ಲ. ಆಗಲೇ ಬೇಸಿಲ್, ಪಾರ್ಸ್ಲಿ ಕೊಡ್ತಿರೋರು ಪಟ್ಟಿಗೆ ಇನ್ನೊಂದು ಸೇರಿಸ್ಕೊಳ್ಳೋಕೆ ಒಳ್ಳೆಯದು. ಇದನ್ನೇ ನಂಬಿ ಸಾಲ ಮಾಡೋಕಲ್ಲ. ಮೊದಲು ಎರಡು ಗಿಡ ಸಾಕಿ, ಒಂದು ಮಳೆಗಾಲ ದಾಟಿಸಿ ನೋಡಿ. ದಾಟಿದರೆ ಕಡ್ಡಿ ಹಾಕಿ 12 ಮಾಡಿ. ಅಡುಗೆಮನೆಗೆ 50 ಗ್ರಾಂ ಮಾದರಿ ಒಯ್ದು ರುಚಿ ತೋರಿಸಿ, ವಾರಕ್ಕೆ ಎಷ್ಟು ಬೇಕು ಅಂತ ಕೇಳಿ. ಉತ್ತರ ಸಿಕ್ಕ ಮೇಲೇ ಮಡಿ ಹೆಚ್ಚಿಸಿ.

ಇನ್ನೊಂದು ಮಾತು. ಮೆಕ್ಸಿಕನ್ ಬೆಳೆದವರು ಅದನ್ನು ಮೆಕ್ಸಿಕನ್ ಅಂತಲೇ ಹೇಳಿ ಮಾರಿ. ಅದು ಕಳಪೆ ಸೊಪ್ಪಲ್ಲ. ಸೆಕೆ ನಾಡಿನಲ್ಲಿ ಫ್ರೆಂಚ್ ಬದಲು ಅದನ್ನೇ ಬಳಸ್ತಾರೆ, ಬೇಸಿಗೆಯಲ್ಲಿ ಕೈ ಕೊಡಲ್ಲ. ಹೆಸರು ಬದಲಿಸಿ ಕೊಟ್ಟಾಗ ಮಾತ್ರ ಅದು ಮೋಸ. ಪ್ಯಾಕೆಟ್ ಮೇಲಿನ ಸುಳ್ಳು ನನಗೆ ಏನು ಮಾಡಿತೋ, ಕಟ್ಟಿನ ಮೇಲಿನ ಸುಳ್ಳು ನಿಮ್ಮ ಗಿರಾಕಿಗೆ ಅದನ್ನೇ ಮಾಡತ್ತೆ.

ನನ್ನ ಕತೆಯ ಕೊನೆ ಹೇಳಿಬಿಡ್ತೀನಿ. ಸರಿಯಾದ ಎರಡು ಗಿಡ ಹುಡುಕೋಕೆ ನಾಲ್ಕು ನರ್ಸರಿ ಸುತ್ತಿದೆ, ಪ್ರತಿ ಕಡೆ ಎಲೆ ಅಗಿದೆ. ಸಿಕ್ಕ ಎರಡರಿಂದ ಮುಂದಿನ ಚಳಿಗಾಲಕ್ಕೆ ಎಂಟಾಯ್ತು. ಒಂದು ಸಣ್ಣ ಕಟ್ಟು ಹಿಡ್ಕೊಂಡು ಅದೇ ಶೆಫ್ ಹತ್ರ ಹೋಗಿ, "ಸರ್, ಹೋದ ಸಲ ತಪ್ಪು ತಂದಿದ್ದೆ. ಇದನ್ನ ನೋಡಿ, ಸರಿ ಇದ್ರೆ ಹೇಳಿ" ಅಂದೆ. ಅಗಿದರು. ಈ ಸಲ ಉಗಿಯಲಿಲ್ಲ. "ವಾರಕ್ಕೆ ಎಷ್ಟು ಕೊಡ್ತೀರಾ?" ಅಂತ ಕೇಳಿದರು. "ಸದ್ಯಕ್ಕೆ 100 ಗ್ರಾಂ ಸರ್, ಅದಕ್ಕಿಂತ ಹೆಚ್ಚು ಮಾತು ಕೊಡಲ್ಲ" ಅಂದೆ. ಬೇಸಿಲ್ ಆರ್ಡರೂ ಅದರ ಹಿಂದೆಯೇ ವಾಪಸ್ ಬಂತು.

ಆ ಎಂಟು ಗಿಡದ ಮಡಿಯಿಂದ ಅಪ್ಪ ಒಂದು ಎಲೆ ಕಿತ್ತು ಉಜ್ಜಿ ಮೂಸಿ, "ಈಗ ಸರಿಯಾಯ್ತು ನೋಡವ್ವಾ" ಅಂದಿದ್ದರು. ಅವತ್ತಿನಿಂದ ನಮ್ಮ ತೋಟಕ್ಕೆ ಯಾವ ಹೊಸ ಪರಿಮಳದ ಗಿಡ ಬಂದರೂ ಮೊದಲು ಅಪ್ಪನ ಮೂಗಿನ ಮುಂದೆ ಹೋಗತ್ತೆ, ಆಮೇಲೆ ಮಡಿಗೆ.

ಈ ವಾರ ಮಾಡಬೇಕಾದ್ದು

- ಟ್ಯಾರಗನ್ ಬೀಜದ ಆರ್ಡರ್ ಹಾಕಿದ್ದರೆ ಕ್ಯಾನ್ಸಲ್ ಮಾಡಿ.
- ನಿಮ್ಮ ಗಿರಾಕಿಗೆ ಫ್ರೆಂಚ್ ಬೇಕಾ, ಮೆಕ್ಸಿಕನ್ ಆಗತ್ತಾ ಅಂತ ಕೇಳಿ ಬರೆದಿಟ್ಕೊಳ್ಳಿ.
- ಮಡಿ ಮಾಡೋ ಜಾಗದಲ್ಲಿ ನೀರು ಬಸಿಯೋ ಪರೀಕ್ಷೆ ಮಾಡಿ.
- ನರ್ಸರಿಗೆ ಹೋಗಿ, ಅಗಿದು ನೋಡಿ, ಎರಡೇ ಎರಡು ಗಿಡ ತನ್ನಿ.